ಮೂರು ಲಕ್ಷದ ಕ್ಯಾಮೆರಾ 28 ಸಾವಿರಕ್ಕೆ ಬಂದಾಗ

ಹೋದ ತಿಂಗಳು ಶಹಾಪುರದಿಂದ ಅಳಿಯ ಫೋನ್ ಮಾಡಿದ. ಅಲ್ಲಿ ಅವನದೊಂದು ಸಣ್ಣ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಫೋಟೊ, ತೊಟ್ಟಿಲು ಕಾರ್ಯಕ್ರಮ, ಸೀಸನ್ ಬಂದರೆ ಲಗ್ನದ ಆರ್ಡರ್.

"ಮಾಮಾ, ಮೂರು ಲಕ್ಷದ ಕ್ಯಾಮೆರಾ 28 ಸಾವಿರಕ್ಕ ಸಿಗ್ಲಾಕತ್ತದ. ಹೈದರಾಬಾದಿನವ್ರು ಒಬ್ಬರು ಕೊಡ್ತೀನಿ ಅಂದಾರ. ತಗೊಳ್ಲೇನು?"

"ಯಾವ ಮಾಡೆಲ್ ಅದು?"

"ಕ್ಯಾನನ್ 1ಡಿಎಸ್ ಮಾರ್ಕ್ 3. ಭಾಳ ದೊಡ್ಡ ಕ್ಯಾಮೆರಾ ಅದು ಮಾಮಾ."

ಎರಡು ದಿನ ತಡಿ ಎಂದೆ. ಇದೇ ಪ್ರಶ್ನೆಯನ್ನು ಕಲಬುರಗಿಯಲ್ಲಿ ಬಹಳ ಜನ ನನ್ನನ್ನು ಕೇಳಿದ್ದಾರೆ. ಕೆಲವರು ಕೊಳ್ಳುವ ಕಡೆಯಿಂದ ಕೇಳುತ್ತಾರೆ. ಕೆಲವರು ಮಾರುವ ಕಡೆಯಿಂದ: "ನನ್ನ ಮಾಡೆಲ್ ಕಂಪನಿಯವ್ರು ಬಂದ್ ಮಾಡ್ಯಾರಂತ, ಈಗಲೇ ಕೊಟ್ಟುಬಿಡ್ಲೇನ್ರಿ?" ಎರಡೂ ಕಡೆ ಇರುವ ಅಳುಕು ಒಂದೇ. ಸಾಲ ಮಾಡಿ, ಚೀಟಿ ಎತ್ತಿ ಕೊಂಡ ದುಬಾರಿ ಡಿಜಿಟಲ್ ಕ್ಯಾಮೆರಾದ ತಯಾರಿಕೆ ನಿಂತ ಮೇಲೆ ಅದರಲ್ಲಿ ಉಳಿಯುವುದೇನು? ಅಳಿಯನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಬಂದ್ ಆಯಿತು ಅಂದರೆ

ಕಂಪನಿ ಒಂದು ಮಾಡೆಲ್ ನಿಲ್ಲಿಸಿತು ಅಂದರೆ ಕಾರ್ಖಾನೆಯಲ್ಲಿ ಇನ್ನು ಮುಂದೆ ಅದು ತಯಾರಾಗುವುದಿಲ್ಲ, ಅಷ್ಟೇ. ಅಂಗಡಿಯ ಸ್ಟಾಕ್ ಇನ್ನೂ ಕೆಲವು ತಿಂಗಳು ಮಾರಾಟವಾಗುತ್ತದೆ. ರಿಪೇರಿಗೆ ಬೇಕಾದ ಬಿಡಿಭಾಗಗಳನ್ನು ಕಂಪನಿ ಮುಂದೆಯೂ ಹಲವು ವರ್ಷ ಇಟ್ಟುಕೊಂಡಿರುತ್ತದೆ. ಆ ಗಡುವೂ ಮುಗಿದ ಮೇಲೆ ಸರ್ವಿಸ್ ಸೆಂಟರಿನವರು "ಪಾರ್ಟ್ಸ್ ಇಲ್ಲ" ಅನ್ನುತ್ತಾರೆ. ಅಲ್ಲಿಂದ ಹೊರಗಿನ ಮೆಕ್ಯಾನಿಕ್‌ಗಳ ಕೆಲಸ ಶುರು. ಕೆಟ್ಟ ಕ್ಯಾಮೆರಾ ಬಿಚ್ಚಿ ಅದರ ಶಟರ್ (ಫೋಟೊ ತೆಗೆದಾಗ ಟಕ್ ಅಂತ ತೆರೆದು ಮುಚ್ಚುವ ಪರದೆ) ಇದಕ್ಕೆ, ಅದರ ಬಾಗಿಲು ಮತ್ತೊಂದಕ್ಕೆ ಹಾಕಿ ಓಡಿಸುತ್ತಾರೆ. ಬ್ಯಾಟರಿಯ ಕಥೆ ಇನ್ನೂ ಬೇರೆ. ಕಂಪನಿ ತಯಾರಿಸುವುದು ಬಿಟ್ಟರೂ ಬೇರೆಯವರು ಅದೇ ಅಳತೆಯದನ್ನು ಮಾಡಿ ಮಾರುತ್ತಿರುತ್ತಾರೆ. ಗಿರಾಕಿ ಇರುವ ತನಕ ಮಾತ್ರ.

ಅಂದರೆ ಕ್ಯಾಮೆರಾ ಒಂದೇ ದಿನ ಸಾಯುವುದಿಲ್ಲ. ಮೊದಲು ಹೊಸದು ಸಿಗುವುದಿಲ್ಲ. ಆಮೇಲೆ ಅಸಲಿ ಬ್ಯಾಟರಿ ಸಿಗುವುದಿಲ್ಲ. ಆಮೇಲೆ ಶಟರ್ ಸಿಗುವುದಿಲ್ಲ. ಬಂದ್ ಆದ ಸುದ್ದಿ ಕೇಳಿದ ವಾರವೇ ಹೆದರಿ ಸಿಕ್ಕಷ್ಟಕ್ಕೆ ಮಾರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಿನ್ನೆ ತೆಗೆದಂಥ ಫೋಟೊವನ್ನೇ ಅದು ಇವತ್ತೂ ತೆಗೆಯುತ್ತದೆ, ಅಲ್ವಾ?

ರೇಟು ಬೀಳುವುದು ಯಾಕೆ

ಫಿಲ್ಮ್ ಕಾಲದಲ್ಲಿ ಹೀಗಿರಲಿಲ್ಲ. ನಿಕಾನ್ ಎಫ್3 ಅನ್ನುವ ಕ್ಯಾಮೆರಾ 1980ರಲ್ಲಿ ಬಂತು, 2001ರವರೆಗೂ ತಯಾರಾಯಿತು. ಇಪ್ಪತ್ತು ವರ್ಷ ಒಂದೇ ಮಾಡೆಲ್! ಹೊಸ, ಒಳ್ಳೆಯ ಫಿಲ್ಮ್ ರೋಲ್ ಬಂದರೆ ಹಳೇ ಕ್ಯಾಮೆರಾದಲ್ಲೇ ಹಾಕಿಕೊಳ್ಳಬಹುದಿತ್ತು. ಚಿತ್ರ ಹಿಡಿಯುವುದು ರೋಲ್. ಕ್ಯಾಮೆರಾ ಬರೀ ಕತ್ತಲೆಯ ಪೆಟ್ಟಿಗೆ.

ಡಿಜಿಟಲ್ ಬಂದಾಗ ಆ ರೋಲನ್ನು ಪೆಟ್ಟಿಗೆಯೊಳಗೆ ಅಂಟಿಸಿ ಮುಚ್ಚಿದಂತಾಯಿತು. ಅದೇ ಸೆನ್ಸರ್. ಹೊಸ ಸೆನ್ಸರ್ ಬೇಕೆಂದರೆ ಇಡೀ ಕ್ಯಾಮೆರಾ ಹೊಸದು ಬೇಕು. 1991ರಲ್ಲಿ ಕೊಡಾಕ್ ಕಂಪನಿ ನಿಕಾನ್ ಎಫ್3 ಬಾಡಿಗೇ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಸೆನ್ಸರ್ ಕೂರಿಸಿ ಡಿಸಿಎಸ್ ಅನ್ನುವ ಕ್ಯಾಮೆರಾ ಮಾರಿತು. 1.3 ಮೆಗಾಪಿಕ್ಸೆಲ್. ಹೆಗಲಿಗೆ ಹಾಕಿಕೊಳ್ಳುವ ಬೇರೆ ಪೆಟ್ಟಿಗೆಯಲ್ಲಿ ಅದರ ಹಾರ್ಡ್ ಡಿಸ್ಕ್. ಬೆಲೆ ಸುಮಾರು 20 ಸಾವಿರ ಡಾಲರ್. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷ ಸೆನ್ಸರ್ ಎಷ್ಟು ಜೋರಾಗಿ ಸುಧಾರಿಸಿತು ಅಂದರೆ, ಇವತ್ತು ಚಿನ್ನದಂತಿದ್ದ ಕ್ಯಾಮೆರಾ ಮೂರನೇ ವರ್ಷಕ್ಕೆ ಸಾಮಾನ್ಯವಾಗುತ್ತಿತ್ತು.

ಅಳಿಯ ಕೇಳಿದ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. 1ಡಿಎಸ್ ಮಾರ್ಕ್ 3 ಬಂದದ್ದು 2007ರಲ್ಲಿ. ಫುಲ್ ಫ್ರೇಮ್, ಅಂದರೆ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್, 21.1 ಮೆಗಾಪಿಕ್ಸೆಲ್. ಅಮೆರಿಕದಲ್ಲಿ ಅದರ ಬೆಲೆ 7,999 ಡಾಲರ್. ಆಗಿನ ಡಾಲರ್ ಲೆಕ್ಕದಲ್ಲೇ ಮೂರು ಲಕ್ಷ ರೂಪಾಯಿ ದಾಟುತ್ತಿತ್ತು. ಆಗ ನಮ್ಮೂರಲ್ಲಿ ಅಷ್ಟು ದುಡ್ಡಿಗೆ ಸೈಟು ಸಿಗುತ್ತಿತ್ತು.

ಸುಮಾರು ಒಂದು ವರ್ಷಕ್ಕೆ, 2008ರ ಸೆಪ್ಟೆಂಬರಿನಲ್ಲಿ, ಅದೇ ಕಂಪನಿ 5ಡಿ ಮಾರ್ಕ್ 2 ತಂದಿತು. ಅದೂ ಫುಲ್ ಫ್ರೇಮ್, ಅದೂ 21.1 ಮೆಗಾಪಿಕ್ಸೆಲ್. ಬೆಲೆ 2,699 ಡಾಲರ್. ಅಣ್ಣನ ಮೂರನೇ ಒಂದು ಪಾಲು! ಜೊತೆಗೆ ಅಣ್ಣನಿಗೆ ಬಾರದ ಒಂದು ವಿದ್ಯೆ ತಮ್ಮನಿಗೆ ಬರುತ್ತಿತ್ತು. ಫುಲ್ ಎಚ್‌ಡಿ ವಿಡಿಯೊ. ನಿಕಾನ್‌ನಲ್ಲೂ ಇದೇ ಆಯಿತು. 2007ರ ಡಿ3 ಸುಮಾರು 5 ಸಾವಿರ ಡಾಲರ್, ಮರು ವರ್ಷದ ಡಿ700 ಸುಮಾರು 3 ಸಾವಿರ. ಎರಡರಲ್ಲೂ 12.1 ಮೆಗಾಪಿಕ್ಸೆಲ್ಲಿನ ಒಂದೇ ಬಗೆಯ ಸೆನ್ಸರ್.

ಹಾಗಾದರೆ ಆ ಐದು ಸಾವಿರ ಚಿಲ್ಲರೆ ಡಾಲರ್ ಹೆಚ್ಚು ಕೊಟ್ಟವರಿಗೆ ಸಿಕ್ಕಿದ್ದೇನು? ಗಟ್ಟಿ ಬಾಡಿ ಸಿಕ್ಕಿತು. 3 ಲಕ್ಷ ಸಲ ಬಡಿಯಲು ತಯಾರಾದ ಶಟರ್ ಸಿಕ್ಕಿತು, 5ಡಿ ಮಾರ್ಕ್ 2ರದು ಒಂದೂವರೆ ಲಕ್ಷ. ಫೋಕಸ್ ಚುರುಕು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ವರ್ಷದ ಮುಂದಾಳತ್ವ ಸಿಕ್ಕಿತು. ಬೇರೆಯವರ ಹತ್ತಿರ ಇಲ್ಲದ್ದು ನಮ್ಮ ಹತ್ತಿರ ಇದೆ ಅಂತ ಹೇಳಿ ದೊಡ್ಡ ಜಾಹೀರಾತಿನ ಕೆಲಸ ಹಿಡಿಯಬಹುದಿತ್ತು. ಮುಂಬೈನಲ್ಲಿ, ಬೆಂಗಳೂರಿನಲ್ಲಿ ಹಾಗೆ ಹಿಡಿದವರಿಗೆ ಅದು ಲಾಭದ ವ್ಯಾಪಾರವೇ. ಆದರೆ ಆ ಮುಂದಾಳತ್ವ ಅವತ್ತಿನ ಸರಕು. ಹದಿನೈದು ವರ್ಷದ ಮೇಲೆ ಸೆಕೆಂಡ್ ಹ್ಯಾಂಡ್ ಕೊಳ್ಳುವವನ ಕೈಗೆ ಅದು ಬರುವುದಿಲ್ಲ. ನನ್ನ ಅಳಿಯ "ಮೂರು ಲಕ್ಷದ್ದು" ಅಂದಾಗ ಅವನ ಕಣ್ಣ ಮುಂದೆ ಇದ್ದದ್ದು 2007ರ ಬೆಲೆ.

ಇನ್ನೊಂದು ಮಾತು. ಬೆಲೆ ಒಂದೇ ಸಮನೆ ಇಳಿಯುವುದಿಲ್ಲ. ಸ್ಟುಡಿಯೊದ ಲೆಕ್ಕಪತ್ರ ನೋಡುವವರು ಸಾಮಾನ್ಯ ಯಂತ್ರಗಳಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 15 ಪರ್ಸೆಂಟ್ ಸವಕಳಿ ಹಾಕುತ್ತಾರೆ. ಆ ಲೆಕ್ಕದಲ್ಲಿ 2 ಲಕ್ಷದ ಕ್ಯಾಮೆರಾ ಐದು ವರ್ಷಕ್ಕೆ ಪುಸ್ತಕದಲ್ಲಿ 88 ಸಾವಿರ ಚಿಲ್ಲರೆ ಉಳಿಯುತ್ತದೆ. ಮಾರುಕಟ್ಟೆ ಹಾಗೆ ನಡೆಯುವುದಿಲ್ಲ. ಅಲ್ಲಿ ದೊಡ್ಡ ಕುಸಿತ ಬರುವುದು ಅದೇ ಸಾಲಿನ ಹೊಸ ಮಾಡೆಲ್ ಘೋಷಣೆಯಾದಾಗ. ಆಮೇಲೆ ನಿಧಾನವಾಗುತ್ತದೆ. ಕೊನೆಗೆ ಒಂದು ನೆಲ ಸಿಗುತ್ತದೆ, ಅಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಮಾರುವವರು ಹೊಸ ಮಾಡೆಲ್ ಬರುವ ಮುಂಚೆ ಮಾರಬೇಕು. ಕೊಳ್ಳುವವರು ನೆಲ ಮುಟ್ಟಿದ ಮೇಲೆ ಕೊಳ್ಳಬೇಕು. ಬಂದ್ ಆದ ಸುದ್ದಿ ಬರುವ ಹೊತ್ತಿಗೆ ದೊಡ್ಡ ಕುಸಿತ ಹೆಚ್ಚಾಗಿ ಆಗಿಹೋಗಿರುತ್ತದೆ.

ಎಷ್ಟು ಜನ ಕೊಂಡರು?

ನಾನು ಅಳಿಯನಿಗೆ ಒತ್ತಿ ಹೇಳಿದ್ದು ಇದನ್ನೇ. ಹಳೇ ಕ್ಯಾಮೆರಾ ಎಷ್ಟು ದಿನ ಬಾಳುತ್ತದೆ ಅನ್ನುವುದು ಅದು ಹೊಸದಾಗಿದ್ದಾಗ ಎಷ್ಟು ದುಬಾರಿ ಇತ್ತು ಅನ್ನುವುದರ ಮೇಲೆ ನಿಂತಿಲ್ಲ. ಎಷ್ಟು ಜನ ಕೊಂಡಿದ್ದರು ಅನ್ನುವುದರ ಮೇಲೆ ನಿಂತಿದೆ.

5ಡಿ ಮಾರ್ಕ್ 2ರ ಬ್ಯಾಟರಿ ನೋಡಿ. ಅದರ ಹೆಸರು ಎಲ್‌ಪಿ-ಇ6. ಆ ಕ್ಯಾಮೆರಾ ಜೊತೆಯಲ್ಲೇ 2008ರಲ್ಲಿ ಬಂತು. ಆಮೇಲೆ 5ಡಿ ಮಾರ್ಕ್ 3, ಮಾರ್ಕ್ 4, 6ಡಿ, 7ಡಿ, 60ಡಿ, 70ಡಿ, 80ಡಿ, ಕೊನೆಗೆ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ, ಮಿರರ್‌ಲೆಸ್ ಇಒಎಸ್ ಆರ್ ತನಕ ಅದೇ ಕುಟುಂಬದ ಬ್ಯಾಟರಿ ನಡೆಯಿತು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿ ಕೇಳಿದರೂ ಒಂದಲ್ಲ ಒಂದು ಕಂಪನಿಯದು ಸಿಗುತ್ತದೆ. 1ಡಿಎಸ್ ಮಾರ್ಕ್ 3ರದು ಎಲ್‌ಪಿ-ಇ4. ದೊಡ್ಡ ಬಾಡಿಯ ಕ್ಯಾಮೆರಾಗಳಿಗೆ ಮಾತ್ರ ಹೊಂದುವ, ಉದ್ದನೆಯ ಬ್ಯಾಟರಿ. ಅದನ್ನು ಇಟ್ಟುಕೊಳ್ಳುವ ಅಂಗಡಿ ನಮ್ಮ ಕಡೆ ನಾನಂತೂ ನೋಡಿಲ್ಲ. ತರಿಸಬೇಕು, ಬಂದದ್ದು ಒಳ್ಳೆಯದಿರಲಿ ಅಂತ ಬೇಡಿಕೊಳ್ಳಬೇಕು.

ಶಟರ್ ಹೋಯಿತು ಅಂದುಕೊಳ್ಳಿ. 5ಡಿ ಮಾರ್ಕ್ 2 ಊರೂರಿನ ಲಗ್ನದ ಫೋಟೊಗ್ರಾಫರ್‌ಗಳ ಕೈಯಲ್ಲಿತ್ತು. ಬಿದ್ದು ಒಡೆದವು, ನೀರಿಗೆ ಬಿದ್ದವು ಬೇಕಾದಷ್ಟಿವೆ. ಅವುಗಳಿಂದ ಭಾಗ ತೆಗೆದು ಹಾಕಬಹುದು. ಹಾಕುವ ಕೈಗೂ ಆ ಮಾಡೆಲ್ ರೂಢಿಯಾಗಿದೆ. ಕಣ್ಣು ಮುಚ್ಚಿ ಬಿಚ್ಚುತ್ತಾರೆ. ದುಬಾರಿ ಅಣ್ಣನನ್ನು ಬಿಚ್ಚಿದ ಮೆಕ್ಯಾನಿಕ್‌ನನ್ನು ಹುಡುಕಲು ಹೈದರಾಬಾದ್ ಸುತ್ತಬೇಕು.

ಬೀದರಿನ ಬಿದ್ರಿ ಕೆಲಸವನ್ನು ನೆನೆಸಿಕೊಂಡರೆ ಇದು ಚೆನ್ನಾಗಿ ತಿಳಿಯುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಬಿದ್ರಿ ಹೂಜಿ ಇದ್ದು ಅದರ ಕಪ್ಪು ಮಾಸಿದರೆ ಬೀದರಿಗೆ ಒಯ್ದರಾಯಿತು. ಸತುವು, ತಾಮ್ರದ ಆ ಲೋಹವನ್ನು ಬೀದರ್ ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುವ ಕೈಗಳು ಅಲ್ಲಿ ಇನ್ನೂ ಇವೆ. ಕೋಟೆ ಇದೆ, ಮಣ್ಣಿದೆ, ಕೆಲಸ ಬಲ್ಲವರಿದ್ದಾರೆ. ಅದಕ್ಕೇ ಆ ಹೂಜಿಗೆ ಬಾಳಿಕೆ. ಕ್ಯಾಮೆರಾಕ್ಕೂ ಹೀಗೆ ಸುತ್ತ ಒಂದು ಬಳಗ ಬೇಕು. ಬ್ಯಾಟರಿ ಮಾಡುವವರು, ಕಾರ್ಡ್ ಮಾರುವವರು, ಬಿಚ್ಚಿ ಜೋಡಿಸುವವರು.

ಬಳಗ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಸ್ಯಾಮ್‌ಸಂಗ್ 2014ರಲ್ಲಿ ಎನ್‌ಎಕ್ಸ್1 ಅನ್ನುವ ಕ್ಯಾಮೆರಾ ತಂದಿತು. 28 ಮೆಗಾಪಿಕ್ಸೆಲ್, 4ಕೆ ವಿಡಿಯೊ, ಆ ಕಾಲಕ್ಕೆ ಎಲ್ಲರೂ ಹುಬ್ಬೇರಿಸಿದ ಯಂತ್ರ. ಒಂದೆರಡು ವರ್ಷದಲ್ಲೇ ಕಂಪನಿ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು. ಕೊಂಡವರ ಲೆನ್ಸ್‌ಗಳಿಗೆ ಆಮೇಲೆ ಹೊಸ ಬಾಡಿ ಹುಟ್ಟಲೇ ಇಲ್ಲ. ಕೊನಿಕಾ ಮಿನೋಲ್ಟಾ 2006ರಲ್ಲಿ ವ್ಯಾಪಾರ ಬಿಟ್ಟಾಗ ಹಾಗಾಗಲಿಲ್ಲ. ಸೋನಿ ಅದನ್ನು ಎತ್ತಿಕೊಂಡಿತು, ಅದೇ ಮೌಂಟಿನಲ್ಲಿ (ಲೆನ್ಸ್ ಕೂರುವ ಬಾಯಿ) ಹೊಸ ಬಾಡಿಗಳು ಬಂದವು, ಹಳೇ ಲೆನ್ಸ್‌ಗಳು ಬದುಕಿದವು.

ಎರಡನೆಯದು ಲೈಕಾ ಎಂ9. 2009ರಲ್ಲಿ ಬಂದ 18 ಮೆಗಾಪಿಕ್ಸೆಲ್ ಕ್ಯಾಮೆರಾ, ಬರೀ ಬಾಡಿಯ ಬೆಲೆಯೇ 6,995 ಡಾಲರ್. ಲೈಕಾ ಅಂದರೆ ತಲೆಮಾರು ಬಾಳುತ್ತದೆ ಅನ್ನುವ ಮಾತಿದೆ, ಫಿಲ್ಮ್ ಲೈಕಾಗಳಿಗೆ ಅದು ನಿಜವೂ ಹೌದು. ಎಂ9ರಲ್ಲಿ ಸೆನ್ಸರ್ ಮೇಲಿನ ಗಾಜು ಕೆಲವು ವರ್ಷಗಳಲ್ಲಿ ತುಕ್ಕಿನಂತೆ ಕೆಡತೊಡಗಿತು. ಫೋಟೊದಲ್ಲಿ ಚುಕ್ಕೆ ಬೀಳುತ್ತಿದ್ದವು. ಕಂಪನಿ ಬಹಳ ಜನರಿಗೆ ಪುಕ್ಕಟೆ ಸೆನ್ಸರ್ ಬದಲಿಸಿಕೊಟ್ಟಿತು. ಆದರೆ ಬದಲಿ ಸೆನ್ಸರ್‌ಗಳೂ ಒಂದು ದಿನ ಮುಗಿದವು. ಇವತ್ತು ಎಂ9 ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ, "ಸೆನ್ಸರ್ ಬದಲಾಗಿದೆಯಾ?" ಬದಲಾಗಿದ್ದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು. ಹಿತ್ತಾಳೆಯ ಮೇಲ್ಮುಚ್ಚಳದ ಗಟ್ಟಿ ಬಾಡಿ, ಕೆಂಪು ಚುಕ್ಕೆಯ ಹೆಸರು ಎಲ್ಲ ಇದ್ದರೂ ಒಂದು ತೆಳು ಗಾಜು ಅದರ ಬೆಲೆ ತೀರ್ಮಾನಿಸುತ್ತದೆ.

ಇದೇ ಕಾರಣಕ್ಕೆ ಮುಂದಿನ ದಿನಗಳ ಬಗ್ಗೆ ನನಗೆ ಸ್ವಲ್ಪ ಚಿಂತೆ ಇದೆ. 2010ರಲ್ಲಿ ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಕಾರ್ಖಾನೆಯಿಂದ ಹೊರಬಂದವು. 2023ರಲ್ಲಿ ಅದು 80 ಲಕ್ಷಕ್ಕಿಂತ ಕಡಿಮೆ. ಫೋನು ಆ ಜಾಗ ತಿಂದಿತು. ಇವತ್ತು ಮೂರು, ನಾಲ್ಕು ಲಕ್ಷ ಕೊಟ್ಟು ಕೊಳ್ಳುವ ಮಿರರ್‌ಲೆಸ್ ಕ್ಯಾಮೆರಾಗಳು ಹದಿನೈದು ವರ್ಷದ ಮೇಲೆ ಹಳೆಯದಾದಾಗ, ಬಿಚ್ಚಿ ಭಾಗ ತೆಗೆಯಲು ಅಷ್ಟೊಂದು ಜೊತೆಗಾರರು ಇರುತ್ತಾರಾ?

ನಮ್ಮ ಬಿಸಿಲು, ನಮ್ಮ ಧೂಳು

ಬೇರೆ ಊರಿನವರು ಬರೆದ ಸಲಹೆ ಓದಿದರೆ ಎಲ್ಲರೂ ಫಂಗಸ್ ಬಗ್ಗೆ ಹೆದರಿಸುತ್ತಾರೆ. ಮಲೆನಾಡಿಗೆ, ಕರಾವಳಿಗೆ ಅದು ಸರಿ. ನಮ್ಮಲ್ಲೂ ಮಳೆಗಾಲದ ಎರಡು, ಮೂರು ತಿಂಗಳು ಎಚ್ಚರ ಬೇಕು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟರೆ ಸಾಕು. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಅದು ತೇವ ಹಿಡಿಯುತ್ತದೆ.

ಕಲಬುರಗಿ, ಯಾದಗಿರಿ ಕಡೆ ಕ್ಯಾಮೆರಾ ತಿನ್ನುವುದು ಬಿಸಿಲು ಮತ್ತು ಧೂಳು. ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಮಾಮೂಲು. ಮುಚ್ಚಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಒಂದು ಸಲ ಯಾದಗಿರಿ ಕೋಟೆ ಹತ್ತಿ ಇಳಿದು ಬರುವಷ್ಟರಲ್ಲಿ ಡಿಕ್ಕಿಯಲ್ಲಿ ಬಿಟ್ಟಿದ್ದ ನನ್ನ ಎರಡನೇ ಬಾಡಿಯ ರಬ್ಬರ್ ಹಿಡಿ ಎದ್ದು ಬಂದಿತ್ತು. ಅಂಟು ಕರಗಿ ಕೈಗೆಲ್ಲ ಮೆತ್ತಿಕೊಂಡಿತು. ಅದನ್ನು ರಿಪೇರಿಗೆ ಕೊಟ್ಟರೆ ಆ ರಬ್ಬರ್ ಬರುವುದು ನಿಂತು ಎರಡು ವರ್ಷ ಆಯಿತು ಅಂದರು. ಬರೀ ಒಂದು ರಬ್ಬರ್ ತುಂಡು! ಅವತ್ತು ನನಗೆ ಬಂದ್ ಅನ್ನುವ ಪದದ ಅರ್ಥ ಸರಿಯಾಗಿ ತಿಳಿಯಿತು.

ಲಿಥಿಯಂ ಬ್ಯಾಟರಿಗೂ ಸೆಕೆ ಆಗದು. ಪೂರ್ತಿ ಚಾರ್ಜ್ ಮಾಡಿ ಬಿಸಿಯಲ್ಲಿ ಇಟ್ಟರೆ ಬೇಗ ಮುದಿಯಾಗುತ್ತದೆ. ಪೂರ್ತಿ ಖಾಲಿ ಮಾಡಿ ವರ್ಷಗಟ್ಟಲೆ ಮರೆತರೂ ಸಾಯುತ್ತದೆ. ಅಲ್ಮಾರದಲ್ಲಿ ಇಡುವ ಕ್ಯಾಮೆರಾದ ಬ್ಯಾಟರಿ ಹೊರತೆಗೆದು, ಅರ್ಧದಷ್ಟು ಚಾರ್ಜ್ ಇಟ್ಟು, ಮೂರು ತಿಂಗಳಿಗೊಮ್ಮೆ ನೋಡಬೇಕು. ಕ್ಯಾಮೆರಾವನ್ನೂ ಆಗಾಗ ಎತ್ತಿಕೊಂಡು ಹತ್ತು ಫೋಟೊ ತೆಗೆಯಬೇಕು. ಸುಮ್ನೆ ಕೂತ ಯಂತ್ರದ ಒಳಗಿನ ಜಿಡ್ಡು ಗಟ್ಟಿಯಾಗುತ್ತದೆ.

ಧೂಳಿನ ಮಾತು ಬೇರೆ. ಶಹಾಬಾದ್ ಕಲ್ಲಿನ ಗಣಿ, ಸೇಡಂ ಸಿಮೆಂಟ್, ಬೇಸಿಗೆಯ ಕಪ್ಪು ಮಣ್ಣು, ಇದರ ನಡುವೆ ನಾವು ಲೆನ್ಸ್ ಬದಲಿಸುತ್ತೇವೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವಾಗ ಆ ಜನ, ಆ ಧೂಳು, ಮೇಲಿಂದ ಬೀಳುವ ಉತ್ತತ್ತಿ, ಬಾಳೆಹಣ್ಣು. ಅಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರ್ ಮೇಲೆ ಧೂಳು ಬಿತ್ತು ಅಂತಲೇ ಲೆಕ್ಕ. ಅಂಥ ಕಡೆ ದುಬಾರಿ ಕ್ಯಾಮೆರಾದ ಬೆಲೆ ತಿಳಿಯುತ್ತದೆ. ಅದರ ಬಾಗಿಲು, ಗುಂಡಿಗಳ ಸುತ್ತ ರಬ್ಬರಿನ ತಡೆ ಇರುತ್ತದೆ. ಹಾಗಾಗಿ ಅದೇ ವಯಸ್ಸಿನ ಅಗ್ಗದ ಕ್ಯಾಮೆರಾ ಕೆಟ್ಟು ಮೂಲೆ ಸೇರಿದಾಗ ಇದು ಇನ್ನೂ ನಡೆಯುತ್ತಿರುತ್ತದೆ. ದುಬಾರಿ ಅನ್ನುವುದಕ್ಕೆ ಅರ್ಥವೇ ಇಲ್ಲ ಅಂತ ನಾನು ಹೇಳುತ್ತಿಲ್ಲ.

ಇನ್ನು ಶಟರ್. ಕಾರಿಗೆ ಕಿಲೋಮೀಟರ್ ಇದ್ದಂತೆ ಕ್ಯಾಮೆರಾಕ್ಕೆ ಶಟರ್ ಕೌಂಟ್. ನಿಕಾನ್ ಆದರೆ ಫೋಟೊ ಫೈಲಿನ ಒಳಗೇ ಆ ಲೆಕ್ಕ ಬರೆದಿರುತ್ತದೆ. ಕ್ಯಾನನ್ನಿನ ಬಹಳ ಮಾಡೆಲ್‌ಗಳಲ್ಲಿ ಕೇಬಲ್ ಹಾಕಿ ಸಾಫ್ಟ್‌ವೇರ್‌ನಿಂದ ಓದಬೇಕು. ಒಂದೂವರೆ ಲಕ್ಷ ಅಂತ ಕಂಪನಿ ಹೇಳಿದರೆ ಅಲ್ಲಿಗೇ ನಿಲ್ಲುತ್ತದೆ ಅಂತಲ್ಲ. ಕೆಲವು ಮೂರು ಲಕ್ಷ ಓಡುತ್ತವೆ, ಕೆಲವು ಅರವತ್ತು ಸಾವಿರಕ್ಕೇ ಕೈಕೊಡುತ್ತವೆ. ಒಂದು ಲಗ್ನಕ್ಕೆ ಸುರಗಿಯಿಂದ ಹಿಡಿದು ಮೆರವಣಿಗೆ ತನಕ ಎರಡು ಸಾವಿರ ಹೊಡೆಯುತ್ತೇವೆ ಅಂತ ಇಟ್ಟುಕೊಳ್ಳಿ. ಎಪ್ಪತ್ತೈದು ಲಗ್ನಕ್ಕೆ ಒಂದೂವರೆ ಲಕ್ಷ ಮುಗಿಯಿತು.

ಕಾರ್ಡಿನ ಕಡೆಗೂ ಒಂದು ಕಣ್ಣಿರಲಿ. ಎಸ್‌ಡಿಎಚ್‌ಸಿ ಅನ್ನುವ ಹೆಚ್ಚು ಜಾಗದ ಕಾರ್ಡ್ ಬರುವ ಮುಂಚಿನ, ಅಂದರೆ ಸುಮಾರು 2006ಕ್ಕೂ ಹಿಂದಿನ ಕ್ಯಾಮೆರಾಗಳಿಗೆ 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್ ಹಾಕಿದರೆ ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಸಿಎಫ್ ಅನ್ನುವ ಅಗಲದ ಹಳೇ ಬಗೆಯ ಕಾರ್ಡ್ ಇರುವ ಕ್ಯಾಮೆರಾದಲ್ಲಿ ಒಳಗಿನ ಸೂಜಿಯಂಥ ಪಿನ್ನು ಬಾಗಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಒಂದು ಪಿನ್ನು ಬಾಗಿದರೆ ಮೂರು ಲಕ್ಷದ್ದಾದರೂ ಅಷ್ಟೇ, ಕೆಲಸ ನಿಂತಿತು.

12 ಇಂಚಿನ ಆಲ್ಬಮ್ಮಿಗೆ ಎಷ್ಟು ಬೇಕು?

ಹಳೇ ಕ್ಯಾಮೆರಾದ ಮೆಗಾಪಿಕ್ಸೆಲ್ ಸಾಲದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕಾಗದದ ಮೇಲೆ ಲೆಕ್ಕ ಹಾಕೋಣ.

ನಮ್ಮ ಕಡೆ ಲಗ್ನದ ಕರಿಜ್ಮಾ ಆಲ್ಬಂ ಸಾಮಾನ್ಯವಾಗಿ 12×36 ಇಂಚು. ತೆರೆದಿಟ್ಟಾಗ 36, ಒಂದು ಪುಟ 12×18. 21.1 ಮೆಗಾಪಿಕ್ಸೆಲ್ ಅಂದರೆ ಅಡ್ಡಕ್ಕೆ 5,616 ಚುಕ್ಕೆ, ಉದ್ದಕ್ಕೆ 3,744. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕೆ ಬೇಕು ಅನ್ನುತ್ತಾರೆ. 5,616ನ್ನು 300ರಿಂದ ಭಾಗಿಸಿದರೆ 18.7 ಇಂಚು. 3,744ನ್ನು ಭಾಗಿಸಿದರೆ 12.5. ಅಂದರೆ 2008ರ ಕ್ಯಾಮೆರಾ ಇವತ್ತಿನ ಆಲ್ಬಮ್ಮಿನ ಪೂರ್ತಿ ಒಂದು ಪುಟವನ್ನು ಎಲ್ಲೂ ಸಡಿಲವಾಗದಂತೆ ತುಂಬುತ್ತದೆ! 12 ಮೆಗಾಪಿಕ್ಸೆಲ್ಲಿನ ಡಿ700 ಕೂಡ ಆ ಪುಟಕ್ಕೆ ಇಂಚಿಗೆ 236 ಚುಕ್ಕೆ ಕೊಡುತ್ತದೆ. ಮದುಮಗಳ ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಹಳೆಯದು ಎಲ್ಲಿ ಸೋಲುತ್ತದೆ? ಬೆಳಕು ಕಡಿಮೆ ಇರುವ ಕಡೆ. ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಂಕಿಗೆ ಐಎಸ್‌ಒ ಅನ್ನುತ್ತಾರೆ. 1ಡಿಎಸ್ ಮಾರ್ಕ್ 3ರ ಐಎಸ್‌ಒ 1600ಕ್ಕೆ ನಿಲ್ಲುತ್ತದೆ, ಎಳೆದರೆ 3200. ತಮ್ಮನದು 6400ರ ತನಕ ಹೋಗುತ್ತದೆ, ಈಗಿನವು ಅದನ್ನೂ ಮೀರಿ ಚೆನ್ನಾಗಿ ನಡೆಯುತ್ತವೆ. ಫಂಕ್ಷನ್ ಹಾಲಿನಲ್ಲಿ ರಾತ್ರಿ ರಿಸೆಪ್ಶನ್, ಬಣ್ಣದ ಎಲ್‌ಇಡಿ, ಅತ್ತಿತ್ತ ಓಡುವ ಮಕ್ಕಳು. ಅಲ್ಲಿ ಹಳೇ ಅಣ್ಣ ಕಷ್ಟಪಡುತ್ತಾನೆ. ಮೇಲಾಗಿ ಇವತ್ತಿನ ಗಿರಾಕಿ ಫೋಟೊಕ್ಕಿಂತ ಮೊದಲು ರೀಲ್ಸ್ ಕೇಳುತ್ತಾನೆ. ವಿಡಿಯೊ ಬಾರದ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಲಗ್ನಕ್ಕೆ ಹೋದರೆ ಎರಡನೆಯದು ಒಯ್ಯಲೇಬೇಕು.

ದುಡಿದ ಲೆಕ್ಕ

ನನ್ನದೇ 5ಡಿ ಮಾರ್ಕ್ 2 ನೋಡಿ. 2010ರಲ್ಲಿ ಲೆನ್ಸ್ ಸಮೇತ ಎರಡು ಲಕ್ಷದ ಹತ್ತಿರ ಕೊಟ್ಟು ತಂದದ್ದು. ಮನೆಯಲ್ಲಿ ಒಂದು ವಾರ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಐದು ಸೀಸನ್, ವರ್ಷಕ್ಕೆ ಸಣ್ಣ, ದೊಡ್ಡ ಸೇರಿ ನಲವತ್ತು ಕಾರ್ಯಕ್ರಮ ಅಂತ ಹಿಡಿದರೆ ಇನ್ನೂರು. ಒಂದು ಕಾರ್ಯಕ್ರಮಕ್ಕೆ ಕ್ಯಾಮೆರಾದ ಖರ್ಚು ಸಾವಿರ ರೂಪಾಯಿ. ಆಮೇಲೂ ಅದು ದುಡಿಯಿತು, ಆದ್ದರಿಂದ ಅಸಲಿಗೆ ಇನ್ನೂ ಕಡಿಮೆ. ಈಗ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾಕ್ಕೆ ಇಪ್ಪತ್ತು ಸಾವಿರ ಕೊಡುತ್ತೇವೆ ಅನ್ನುತ್ತಾರೆ. ಅದನ್ನು ಕೇಳಿ ನನಗೆ ನಷ್ಟ ಆಯಿತು ಅಂತ ಅನಿಸುವುದಿಲ್ಲ. ಎತ್ತು ಮುದಿಯಾದ ಮೇಲೆ ಅದರ ಸಂತೆ ಬೆಲೆ ನೋಡಿ ಉಳುಮೆಯ ಲೆಕ್ಕ ಹಾಕುತ್ತಾರಾ?

ಆದರೆ ಕ್ಯಾಮೆರಾ ಕೊಂಡು ಅಲ್ಮಾರದಲ್ಲಿಟ್ಟು, ಚಿನ್ನದಂತೆ ಏರುತ್ತದೆ ಅಂತ ಕಾಯುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಅಪರೂಪಕ್ಕೆ ಏರುತ್ತವೆ ನಿಜ. ಫ್ಯೂಜಿಫಿಲ್ಮ್ ಎಕ್ಸ್100ವಿ 2020ರಲ್ಲಿ 1,399 ಡಾಲರಿಗೆ ಬಂತು. ಎರಡು, ಮೂರು ವರ್ಷದ ಮೇಲೆ ಹುಡುಗ ಹುಡುಗಿಯರ ವಿಡಿಯೊಗಳಲ್ಲಿ ಹೆಸರಾಗಿ, ಬಳಸಿದ್ದೇ ಹೊಸದರ ಬೆಲೆ ದಾಟಿ ಮಾರಾಟವಾಯಿತು. ಸಿಸಿಡಿ ಅನ್ನುವ ಹಳೇ ಬಗೆಯ ಸೆನ್ಸರಿನ ಜೇಬಿನ ಕ್ಯಾಮೆರಾಗಳಿಗೂ ಈಗ ಅಂಥದೇ ಹುಚ್ಚು. ಅದರ ಬಣ್ಣ ಬೇರೆ, ಫೋನಿನಂತೆ ಕಾಣುವುದಿಲ್ಲ ಅಂತ ಹುಡುಕುತ್ತಾರೆ. ಮನೆಯ ಡ್ರಾಯರಿನಲ್ಲಿ ಅಂಥದ್ದೊಂದು ಬಿದ್ದಿದ್ದರೆ ಎಸೆಯಬೇಡಿ. ಅದು ಏರಿದ್ದು ಯಾರೂ ಮೊದಲೇ ಊಹಿಸಿ ಕೂಡಿಟ್ಟಿದ್ದರಿಂದಲ್ಲ. ಮುಂದಿನ ಸರದಿ ಯಾವುದರದು ಅಂತ ಅಂಗಡಿಯವರಿಗೂ ತಿಳಿಯದು.

ದುಡ್ಡು ನಿಲ್ಲುವುದು ಲೆನ್ಸಿನಲ್ಲಿ. ಕ್ಯಾನನ್ ಇಎಫ್ ಮೌಂಟ್ 1987ರದು. ಆ ಕಾಲದ ಲೆನ್ಸನ್ನು ಕಂಪನಿಯದೇ ಅಡಾಪ್ಟರ್ ಹಾಕಿ 2018ರ ನಂತರದ ಆರ್ ಸಾಲಿನ ಮಿರರ್‌ಲೆಸ್ ಬಾಡಿಗೆ ಕೂರಿಸಬಹುದು, ಫೋಕಸ್ ಕೂಡ ನಡೆಯುತ್ತದೆ. ಬಾಡಿ ನಾಲ್ಕು ಸಲ ಬದಲಾದರೂ ನನ್ನ 70-200 ಲೆನ್ಸ್ ಅದೇ ಇದೆ. ಎರಡು ಲಕ್ಷ ಕೈಯಲ್ಲಿದ್ದರೆ ಬಾಡಿಗೆ ಕಡಿಮೆ, ಲೆನ್ಸಿಗೆ ಜಾಸ್ತಿ ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಹೊಸ ಮೌಂಟ್ ಬಂದ ಮೇಲೆ ಹಳೇ ಲೆನ್ಸ್‌ಗಳ ರೇಟೂ ಇಳಿದಿದೆ. ಆದರೂ ಬಾಡಿಯಷ್ಟು ಅಲ್ಲ.

ಎರಡು ದಿನ ಬಿಟ್ಟು ಅಳಿಯ ಮತ್ತೆ ಫೋನ್ ಮಾಡಿದ. ಮಾರುವವರಿಗೆ ನಾಲ್ಕು ಪ್ರಶ್ನೆ ಕೇಳು ಎಂದೆ. ಶಟರ್ ಕೌಂಟ್ ಎಷ್ಟು, ಬ್ಯಾಟರಿ ಎಷ್ಟಿವೆ, ಯಾವ ವರ್ಷದವು, ಚಾರ್ಜರ್ ಅಸಲಿಯಾ. ಸಂಜೆ ಉತ್ತರ ಬಂತು. ಕೌಂಟ್ ಗೊತ್ತಿಲ್ಲ. ಬ್ಯಾಟರಿ ಒಂದೇ, ಕ್ಯಾಮೆರಾ ಜೊತೆ ಬಂದದ್ದು. ಚಾರ್ಜರ್ ಇಲ್ಲ.

"ಬ್ಯಾಡ ಬಿಡ್ರಿ ಮಾಮಾ" ಅಂತ ಅವನೇ ಅಂದ.

ಜಾತ್ರೆಗೆ ಕಲಬುರಗಿಗೆ ಬಂದಾಗ ನನ್ನ 5ಡಿ ಮಾರ್ಕ್ 2 ಅವನ ಕೈಗೆ ಕೊಟ್ಟೆ. ಜೊತೆಗೆ ಎರಡು ಹೊಸ ಬ್ಯಾಟರಿ, ಹಳೇ 50 ಎಂಎಂ ಲೆನ್ಸ್. ಕೊಡುವ ದಿನ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ದೆವು, ಶಟರ್ ಕೌಂಟ್ 1,38,412. ಈಗ ಅದು ಶಹಾಪುರದಲ್ಲಿ ಟ್ರೈಪಾಡ್ ಮೇಲೆ ಕೂತಿದೆ. ಪಾಸ್‌ಪೋರ್ಟ್ ಫೋಟೊ, ತೊಟ್ಟಿಲ ಮಕ್ಕಳು, ಶಾಲೆಯ ಗ್ರೂಪ್ ಫೋಟೊ ಎಲ್ಲ ಅದರಲ್ಲೇ. ನೆರಳಲ್ಲಿ ಇರುತ್ತದೆ, ಲೆನ್ಸ್ ಬದಲಿಸುವುದಿಲ್ಲ, ಧೂಳು ಹೋಗುವುದಿಲ್ಲ. ಮೊನ್ನೆ ಅಳಿಯ ಹೊಸ ಕೌಂಟ್ ಕಳಿಸಿದ್ದ: 1,41,260.